ರೇನ್‌ಗೆ ‘ಐ’ ಯಾಕೆ, ಟೇಪ್‌ಗೆ ‘ಇ’ ಯಾಕೆ?

ಪ್ರಶ್ನೆ: ಮಗ ಮೂರನೇ ತರಗತಿ. ಕನ್ನಡ ಸರಾಗವಾಗಿ ಓದುತ್ತಾನೆ, ಉಕ್ತಲೇಖನದಲ್ಲೂ ತಪ್ಪು ಕಡಿಮೆ. ಇಂಗ್ಲಿಷ್ ಡಿಕ್ಟೇಶನ್ ಇದ್ದ ದಿನ ಮಾತ್ರ ಹೊಟ್ಟೆನೋವು. ರೇನ್‌ಗೆ ‘ಆರ್-ಇ-ಎನ್’, ಬಾಕ್ಸ್‌ಗೆ ‘ಬಿ-ಎ-ಎಕ್ಸ್’, ಟೇಪ್‌ಗೆ ‘ಟಿ-ಎ-ಪಿ’ ಎಂದು ಬರೆಯುತ್ತಾನೆ. ತಪ್ಪಾದ ಪದವನ್ನು ಹತ್ತು ಸಲ ಬರೆಸುತ್ತೇನೆ. ಮರುದಿನ ಮತ್ತೆ ಅದೇ. ಏನು ಮಾಡಲಿ?
– ತಾಯಿಯೊಬ್ಬರು, ತಿಪಟೂರು

ಉತ್ತರ: ನೀವು ಬರೆದ ಮೂರು ತಪ್ಪುಗಳಲ್ಲೂ ಲೆಕ್ಕಾಚಾರವಿದೆ. ಪೆನ್ ಎನ್ನುವಲ್ಲಿ ‘ಇ’ ಅಕ್ಷರ ಎಕಾರ ಕೊಡುತ್ತದೆ ಎಂದು ಕಲಿತವನು ರೇನ್‌ನ ಏಕಾರಕ್ಕೂ ಅದನ್ನೇ ಹಾಕಿದ. ನಮ್ಮ ಬಾಯಲ್ಲಿ ಬಾಕ್ಸ್, ಡಾಗ್, ಹಾಟ್ ಎಲ್ಲವೂ ಆಕಾರವೇ, ಹಾಗಾಗಿ ‘ಓ’ ಬದಲು ‘ಎ’ ಬಂತು. ಕಿವಿಗೆ ಬಿದ್ದದ್ದನ್ನು ಕಾಗುಣಿತದ ನಿಯತ್ತಿನಿಂದ ಬರೆಯುತ್ತಿದ್ದಾನೆ, ಅಷ್ಟೇ.

ಕನ್ನಡದಲ್ಲಿ ಒಂದು ಸ್ವರಕ್ಕೆ ಒಂದು ಗುರುತು. ಇಂಗ್ಲಿಷ್‌ನಲ್ಲಿ ಸ್ವರಾಕ್ಷರ ಐದು, ಬ್ರಿಟಿಷ್ ಉಚ್ಚಾರಣೆಯಲ್ಲಿ ಸ್ವರಗಳು ಸುಮಾರು 20. ಸಾಲದ್ದಕ್ಕೆ 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ ಮೇಲೆ ಸ್ಪೆಲಿಂಗ್ ನಿಧಾನಕ್ಕೆ ಗಟ್ಟಿಯಾಗುತ್ತ ಹೋಯಿತು. ಅದೇ ಕಾಲದಲ್ಲಿ ದೀರ್ಘ ಸ್ವರಗಳ ಉಚ್ಚಾರಣೆ ಜಾರುತ್ತ ಹೋಯಿತು. ಇದನ್ನು ಮಗನಿಗೆ ಹೇಳಬೇಕಾಗಿಲ್ಲ. ನಿಮಗೆ ಗೊತ್ತಿದ್ದರೆ ಸಿಟ್ಟು ಸ್ವಲ್ಪ ಇಳಿದೀತು.

ಹತ್ತು ಸಲ ಬರೆಸುವುದನ್ನು ಇವತ್ತೇ ನಿಲ್ಲಿಸಿ. ಮೂರನೇ ಸಲದಿಂದ ಕೈ ಮಾತ್ರ ಓಡುತ್ತದೆ. ಗಮನಿಸಿ ನೋಡಿ, ಎಷ್ಟೋ ಮಕ್ಕಳು ಮೊದಲು ಹತ್ತು ಸಾಲಿಗೂ ‘ಆರ್’, ಆಮೇಲೆ ಹತ್ತಕ್ಕೂ ‘ಎ’ ಎಂದು ಕಂಬ ಕಟ್ಟಿದ ಹಾಗೆ ಬರೆದು ಮುಗಿಸುತ್ತಾರೆ. ಪದವನ್ನು ಅವರು ಓದಿರುವುದೇ ಇಲ್ಲ.

ಬದಲಿಗೆ ಸ್ಲೇಟು, ಮೂರು ಹುಣಸೆ ಬೀಜ ತೆಗೆದುಕೊಳ್ಳಿ. ಪಕ್ಕಪಕ್ಕ ಮೂರು ಮನೆ ಬರೆಯಿರಿ. ನೀವು ರೇನ್ ಎನ್ನಿ. ಕನ್ನಡ ಕಲಿತ ಮಗು ಇದನ್ನು ರೇ-ನ್ ಎಂದು ಎರಡಾಗಿ ಒಡೆಯುತ್ತದೆ, ಏಕೆಂದರೆ ನಮಗೆ ‘ರೇ’ ಒಂದೇ ಅಕ್ಷರ. ಅದನ್ನು ರ್-ಏ-ನ್ ಎಂದು ಬಿಡಿಸಿ ಹೇಳುತ್ತ, ಒಂದೊಂದು ಸದ್ದಿಗೆ ಒಂದೊಂದು ಬೀಜ ಮನೆಗೆ ತಳ್ಳಲಿ. ಆಮೇಲೆ ಬೀಜ ತೆಗೆದು ಅಕ್ಷರ ಬರೆಯಲಿ: ಮೊದಲ ಮನೆಗೆ ‘ಆರ್’, ಕೊನೆಯದಕ್ಕೆ ‘ಎನ್’, ನಡುಮನೆಗೆ ‘ಎ’, ‘ಐ’ ಎರಡೂ ಒತ್ತೊತ್ತಾಗಿ. ನಾಲ್ಕು ಅಕ್ಷರ, ಮೂರೇ ಸದ್ದು. ಇದು ಕಣ್ಣಿಗೆ ಕಂಡರೆ ಅರ್ಧ ಕೆಲಸ ಆದಂತೆ.

ಜೋಡಿಸ್ವರಕ್ಕೆ ಹೋಗುವ ಮೊದಲು ಹ್ರಸ್ವ ಸ್ವರಗಳು ಗಟ್ಟಿಯಿರಬೇಕು. ಪ್ಯಾನ್-ಪೆನ್, ಹಾಟ್-ಹಟ್ ಥರದ ಹತ್ತು ಪದ ಹೇಳಿ. ಒಂಬತ್ತು ಸರಿಬಾರದಿದ್ದರೆ ಅಲ್ಲೇ ಎರಡು ವಾರ ನಿಲ್ಲಿ.

ನಂತರ ಮ್ಯಾಜಿಕ್ ‘ಇ’. ಕಾಗದದ ಪಟ್ಟಿಯಲ್ಲಿ ‘ಟಿ-ಎ-ಪಿ-ಇ’ ಬರೆದು ಕೊನೆಯ ‘ಇ’ಯನ್ನು ಹಿಂದಕ್ಕೆ ಮಡಚಿ. ಮಡಚಿದರೆ ಟ್ಯಾಪ್, ಬಿಚ್ಚಿದರೆ ಟೇಪ್. ಹೀಗೆಯೇ ಕಿಟ್-ಕೈಟ್, ಹಾಪ್-ಹೋಪ್, ಕಟ್-ಕ್ಯೂಟ್. ಇದೊಂದು ದೂರ ಕೂತ ದೀರ್ಘ ಎನ್ನಿ: ‘ಕೆ’ ಪಕ್ಕ ದೀರ್ಘ ಬಂದರೆ ‘ಕೇ’, ಇಲ್ಲಿ ಅದು ಒಂದು ಅಕ್ಷರ ದಾಟಿ ಕೂತಿದೆ. ಹೋಲಿಕೆಯನ್ನು ಇದಕ್ಕಿಂತ ಎಳೆದರೆ ಹುಡುಗ ಕೈಟ್ ಅನ್ನು ‘ಕೀಟ್’ ಎಂದು ಓದುತ್ತಾನೆ. ಮ್ಯಾಜಿಕ್ ‘ಇ’ ಬಂದಾಗ ಹಿಂದಿನ ಸ್ವರಾಕ್ಷರ ತನ್ನ ಹೆಸರನ್ನೇ ಕೂಗುತ್ತದೆ ಎಂದು ಸೇರಿಸಿ. ಹ್ಯಾವ್, ಗಿವ್, ಲವ್ ಬಂದಾಗ ನಿಯಮ ಮುರಿಯಿತೆಂದು ಗಾಬರಿ ಬೇಡ. ಇಂಗ್ಲಿಷ್ ಪದ ‘ವಿ’ಯಲ್ಲಿ ಮುಗಿಯುವುದು ತೀರಾ ಅಪರೂಪ, ಅಲ್ಲಿ ‘ಇ’ ಬಂದಿರುವುದು ‘ವಿ’ ಸಲುವಾಗಿ.

ಮೂರನೆಯದು ‘ಎ-ಐ’, ‘ಎ-ವೈ’. ಪದದ ನಡುವೆ ‘ಎ-ಐ’: ರೇನ್, ಟ್ರೇನ್, ಪೇಂಟ್. ಕೊನೆಯಲ್ಲಿ ‘ಎ-ವೈ’: ಡೇ, ಪ್ಲೇ, ಟ್ರೇ. ಅಚ್ಚ ಇಂಗ್ಲಿಷ್ ಪದಗಳು ಸಾಮಾನ್ಯವಾಗಿ ‘ಐ’ನಲ್ಲಿ ಮುಗಿಯುವುದಿಲ್ಲ. ಕಾಯಿನ್, ಬಾಯ್ ಪದಗಳಿಗೂ ಇದೇ ಲೆಕ್ಕ. ಆದರೆ ನಡುವಿನ ಏಕಾರಕ್ಕೆ ‘ಎ-ಐ’ಯೋ ಮ್ಯಾಜಿಕ್ ‘ಇ’ಯೋ ಎಂದು ಹೇಳುವ ನಿಯಮವಿಲ್ಲ, ನೆನಪೇ ಗತಿ. ಅದಕ್ಕೇ ಎರಡನ್ನೂ ಒಂದೇ ವಾರದಲ್ಲಿ ಕಲಿಸಬಾರದು. ‘ಇ-ಎ’ಯನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ, ಈಟ್, ಬ್ರೆಡ್, ಗ್ರೇಟ್ ಮೂರರಲ್ಲೂ ಅದೇ ಜೋಡಿ, ಸದ್ದು ಮೂರು ಬಗೆ.

ದಿನಕ್ಕೆ ಹತ್ತು ನಿಮಿಷ, ಎಂಟು ಪದ ಸಾಕು: ಐದು ಈ ವಾರದ್ದು, ಮೂರು ಹಳೆಯದು. ನೋಡಿ, ಜೋರಾಗಿ ಓದಿ, ಕೈಯಿಂದ ಮುಚ್ಚಿ, ಬರೆದು, ತೆರೆದು ತಾನೇ ತಾಳೆ ನೋಡಲಿ. ತಪ್ಪಿದರೆ ಇಡೀ ಪದಕ್ಕೆ ಕೆಂಪು ಗೀಟು ಎಳೆಯಬೇಡಿ, ನಡುಮನೆಗೆ ಮಾತ್ರ ಸುತ್ತು ಹಾಕಿ.

ಪ್ರಶ್ನೆ: ನಾಲ್ಕನೇ ತರಗತಿಯ ಮಗಳು ಹೋಪಿಂಗ್, ಹಾಪಿಂಗ್ ಎರಡಕ್ಕೂ ಒಂದೇ ‘ಪಿ’ ಹಾಕುತ್ತಾಳೆ.
– ಓದುಗರು, ಶಿರಸಿ

ಉತ್ತರ: ಒತ್ತಕ್ಷರ ಬಲ್ಲ ಮಗುವಿಗೆ ಇದು ಸುಲಭ. ರಬ್ಬರ್, ಡಿನ್ನರ್ ಎಂದು ನಾವು ಒತ್ತು ಕೊಟ್ಟೇ ಹೇಳುತ್ತೇವೆ, ಇಂಗ್ಲಿಷ್‌ನಲ್ಲೂ ಅಲ್ಲಿ ವ್ಯಂಜನ ಎರಡು. ಪೇಪರ್, ಟೈಗರ್‌ನಲ್ಲಿ ಒಂದೇ. ಎರಡು ವ್ಯಂಜನ ಗೋಡೆಯಂತೆ ನಿಂತು ಹಿಂದಿನ ಸ್ವರವನ್ನು ಹ್ರಸ್ವವಾಗಿ ಉಳಿಸುತ್ತವೆ. ಹೋಪ್‌ಗೆ ‘ಐ-ಎನ್-ಜಿ’ ಸೇರಿದಾಗ ಮ್ಯಾಜಿಕ್ ‘ಇ’ ಬಿದ್ದುಹೋದರೂ ಅದರ ಕೆಲಸವನ್ನು ‘ಐ’ ಮಾಡುತ್ತದೆ. ಹಾಪಿಂಗ್‌ನಲ್ಲಿ ಅದನ್ನು ತಡೆಯಲು ‘ಪಿ’ ಎರಡು ಬೇಕು. ಲೆಮನ್, ರಿವರ್ ಥರದವು ಈ ಲೆಕ್ಕಕ್ಕೆ ಸಿಗುವುದಿಲ್ಲ, ಅವನ್ನು ಬೇರೆ ಪಟ್ಟಿ ಮಾಡಿ.

ಪ್ರಶ್ನೆ: ನಮ್ಮ ಹುಡುಗ ಮೂರನೇ ತರಗತಿ ಮುಗಿಸಿದರೂ ಕನ್ನಡದಲ್ಲೇ ಇ-ಈ, ಎ-ಏ ಗೊಂದಲ. ಇಂಗ್ಲಿಷ್ ಅಂತೂ ಸರಿಯೇ ಸರಿ.
– ತಂದೆಯೊಬ್ಬರು, ಹಾವೇರಿ

ಉತ್ತರ: ಎರಡೂ ಭಾಷೆಯಲ್ಲಿ ತೊಡಕಿದ್ದರೆ ಮನೆಪಾಠವನ್ನಷ್ಟೇ ನಂಬಿ ಕೂರಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಅವು ಸರಿಯಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿಕಾ ತೊಂದರೆಯ ಪರೀಕ್ಷೆ ಮಾಡಿಸಬಹುದು. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಆದ್ದರಿಂದ ಪ್ರಮಾಣಪತ್ರವಿದ್ದರೆ ಮುಂದೆ ಪರೀಕ್ಷೆಗಳಲ್ಲಿ ರಿಯಾಯಿತಿ ಕೇಳಬಹುದು. ಹೋಗುವಾಗ ಎರಡು ವರ್ಷದ ಕನ್ನಡ, ಇಂಗ್ಲಿಷ್ ನೋಟ್‌ಬುಕ್ಕುಗಳನ್ನು ಒಯ್ಯಿರಿ. ನೀವು ತಿದ್ದಿ ಬರೆಸಿದ ಫೇರ್ ಕಾಪಿ ಬೇಡ, ಅವನು ತಾನಾಗಿ ಬರೆದ ರಫ್ ಪುಸ್ತಕವೇ ಇರಲಿ.