ಚಾಣದ ಮರಿಗೆ ಹಾಲು ಕುಡಿಸಬೇಡಿ

ಪ್ರಶ್ನೆ: ನಮ್ಮ ಕಟ್ಟಡದ ಸಂದಿಯಲ್ಲಿ ಚಾಣ ಎಂಬ ಸಣ್ಣ ಬೇಟೆಹಕ್ಕಿ ಮರಿ ಮಾಡಿದೆ. ನಿನ್ನೆ ಒಂದು ಮರಿ ಕೆಳಗೆ ಬಿದ್ದಿತ್ತು, ಹಾರುತ್ತಿರಲಿಲ್ಲ. ಒಳಗೆ ತಂದು ಹಾಲಲ್ಲಿ ನೆನೆಸಿದ ಬ್ರೆಡ್ ಕೊಟ್ಟೆವು. ತಿನ್ನುತ್ತಿಲ್ಲ. ಏನು ಮಾಡಲಿ?

ಉತ್ತರ: ಮರಿಗಳು ಗೂಡು ಬಿಡುವ ಕಾಲ ಬಂತೆಂದರೆ ಇದೇ ಪ್ರಶ್ನೆ. ನನ್ನನ್ನು ಕೇಳುವ ಹೊತ್ತಿಗೆ ಹಾಲು ಕುಡಿಸಿ ಆಗಿರುತ್ತದೆ! ಹಕ್ಕಿಗೆ ಹಾಲು ಅರಗುವುದಿಲ್ಲ. ಬಾಯಿಗೆ ನೀರೂ ಬಿಡಬೇಡಿ. ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ಇರುತ್ತದೆ, ನೀರು ಅಲ್ಲಿಗೆ ಇಳಿದರೆ ಮರಿ ಸಾಯುತ್ತದೆ.

ಈಗ ಮರಿಯನ್ನು ನೋಡಿ. ಮೈತುಂಬ ಗರಿ ಬಂದು, ತಲೆ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ತುಪ್ಪಳ ಉಳಿದಿದೆಯೇ? ಹಾಗಾದರೆ ಅದು ಹಾರಲು ಕಲಿಯುತ್ತಿರುವ ಮರಿ. ಮೊಟ್ಟೆ ಒಡೆದು ಸುಮಾರು 4 ವಾರಕ್ಕೆ ಚಾಣದ ಮರಿ ಗೂಡು ಬಿಡುತ್ತದೆ. ಮೊದಲ ಸಲ ಹಾರುವಾಗ ನೆಲಕ್ಕಿಳಿಯುವುದು ಸಹಜ. ಆಮೇಲೂ ಕೆಲವು ವಾರ ಅಪ್ಪ ಅಮ್ಮನೇ ಉಣಿಸುತ್ತವೆ. ನೀವು ಒಳಗೆ ತಂದರೆ ಅವು ಯಾರಿಗೆ ಉಣಿಸಬೇಕು? ದಪ್ಪ ಬಟ್ಟೆ ಹೊದಿಸಿ ಎತ್ತಿ, ಸಿಕ್ಕ ಜಾಗದ ಹತ್ತಿರವೇ ಎತ್ತರದ ಗೋಡೆ ಮೇಲೆ ಬಿಟ್ಟು, ದೂರ ಹೋಗಿ ಕಾಯಿರಿ. ಬೆಕ್ಕನ್ನು ಒಳಗೆ ಕೂಡಿಹಾಕಿ. ಮನುಷ್ಯರ ವಾಸನೆ ಹತ್ತಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಶುದ್ಧ ಸುಳ್ಳು.

ರೆಕ್ಕೆ ಜೋತಿದ್ದರೆ, ರಕ್ತ ಇದ್ದರೆ, ಮೈಯೆಲ್ಲ ಬರೀ ತುಪ್ಪಳವಿದ್ದರೆ, ಬೆಕ್ಕು ಕಚ್ಚಿದ್ದರೆ ಮಾತ್ರ ಬೇರೆ ಮಾತು. ಬೆಕ್ಕಿನ ಹಲ್ಲಿನ ಗಾಯ ಕಣ್ಣಿಗೆ ಕಾಣದಿದ್ದರೂ ನಂಜಾಗುತ್ತದೆ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು ಮುಚ್ಚಿ, ಅದೇ ದಿನ ಕಾಡುಪ್ರಾಣಿ ನೋಡುವ ವೈದ್ಯರ ಬಳಿ ಒಯ್ಯಿರಿ. ದಾರಿಯಲ್ಲಿ ಇಣುಕಿ ನೋಡಬೇಡಿ.

ಸುಮ್ನೆ ಕೋಳಿ ತುಂಡು ಹಾಕಿ ಸಾಕಿ ಎಂದು ವಿಡಿಯೋದಲ್ಲಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಲುಬಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಸಾಲದು, ಬೆಳೆಯುವ ಮೂಳೆ ಮೆತ್ತಗಾಗುತ್ತದೆ. ಹಾಗೆ ಸಾಕಿದ ಒಂದು ಮರಿ ನನ್ನ ಕೈಗೆ ಬಂದಾಗ ಎರಡೂ ಕಾಲು ಬಾಗಿದ್ದವು. ಅದು ಹಾರಲೇ ಇಲ್ಲ.

ಪ್ರಶ್ನೆ: ಚಾಣ ನಮ್ಮ ಬೆಕ್ಕನ್ನು ಎತ್ತಿಕೊಂಡು ಹೋಗುತ್ತದೆಯೇ?

ಉತ್ತರ: ಇಲ್ಲ. ಅದರ ತೂಕವೇ ಸುಮಾರು 200 ಗ್ರಾಂ.

ಪ್ರಶ್ನೆ: ಚಾಣವೋ ಗಿಡುಗವೋ, ಗೊತ್ತಾಗುವುದು ಹೇಗೆ?

ಉತ್ತರ: ಕಣ್ಣು ನೋಡಿ. ಚಾಣದ್ದು ಕಪ್ಪಾಗಿ ಕಾಣುತ್ತದೆ, ಬೆಳೆದ ಗಿಡುಗದ್ದು ಸಾಮಾನ್ಯವಾಗಿ ಹಳದಿ ಇಲ್ಲವೇ ಕೆಂಪು.

ಪ್ರಶ್ನೆ: ಗೂಡಿನ ಹತ್ತಿರ ಡ್ರೋನ್ ಹಾರಿಸಬಹುದೇ?

ಉತ್ತರ: ಬೇಡವೇ ಬೇಡ.

ಪ್ರಶ್ನೆ: ಇಲಿಗೆ ವಿಷ ಇಡುತ್ತೇವೆ. ಚಾಣಕ್ಕೆ ತೊಂದರೆಯೇ?

ಉತ್ತರ: ಹೌದು. ಬ್ರೋಡಿಫೇಕಮ್‌ನಂಥ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತಿರುತ್ತದೆ, ಚಾಣ ಅದನ್ನೇ ಹಿಡಿದು ಮರಿಗೂ ತಿನಿಸುತ್ತದೆ. ಬೋನು ಇಡಿ.