ಗೋಡೆಯ ಬಣ್ಣ ಆರಿಸೋದು ಕೊನೆಗೆ

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ತಗೊಂಡಿದ್ದೇವೆ. ಹಾಲ್‌ನ ಕಿಟಕಿ ಪಶ್ಚಿಮಕ್ಕಿದೆ, ನೆಲಕ್ಕೆ ಕೆನೆಬಣ್ಣದ ವಿಟ್ರಿಫೈಡ್ ಟೈಲ್ಸ್. ಫೋನಿನಲ್ಲಿ ನೋಡಿ ಇಷ್ಟಪಟ್ಟ ತಿಳಿ ಬೂದು ಬಣ್ಣವನ್ನು ಎಲ್ಲ ಗೋಡೆಗೂ ಹೊಡೆಸಬೇಕೆಂದು ನನ್ನಾಸೆ. ‘ಮೇಡಂ, ಈ ನೆಲಕ್ಕೆ ಅದು ಹೊಂದಲ್ಲ’ ಅಂತ ಪೇಂಟರ್ ಹೇಳ್ತಾರೆ. ಪೂರ್ತಿ ಕೆನೆಬಣ್ಣ ಮಾಡಿಸಿದರೆ ಕಲ್ಯಾಣ ಮಂಟಪದ ಊಟದ ಹಾಲ್ ಥರ ಆಗುತ್ತೇನೋ ಅಂತ ಭಯ. ಏನು ಮಾಡಲಿ?

ಉತ್ತರ: ಪೇಂಟರ್ ಮಾತು ಕೇಳಿ. ಫೋನಿನಲ್ಲಿ ಕಾಣುವ ಬೂದು ಗೋಡೆಗಳ ಕೆಳಗೆ ಸಾಮಾನ್ಯವಾಗಿ ಮಾಸಲು ಮರದ ನೆಲವೋ ಸಿಮೆಂಟ್ ಬಣ್ಣದ ನೆಲವೋ ಇರುತ್ತದೆ. ನಿಮ್ಮ ಟೈಲ್ಸ್‌ನ ಕೆನೆಯಲ್ಲಿ ಹಳದಿ ಅಡಗಿದೆ, ಅಂಥ ಬೂದಿನಲ್ಲಿ ನೀಲಿ. ಎರಡೂ ಎದುರುಬದುರಾದರೆ ಹೊಸ ಟೈಲ್ಸ್ ಕೂಡ ಹಳದಿಗಟ್ಟಿದಂತೆ ಕಾಣುತ್ತದೆ, ಗೋಡೆ ಸಪ್ಪೆಯಾಗುತ್ತದೆ. ಅಷ್ಟಾದ ಮೇಲೆ ಬೈಸಿಕೊಳ್ಳೋದು ಪೇಂಟರ್.

ತಿಳಿಬಣ್ಣಗಳ ಮನೆ ಎಂದರೆ ಬಣ್ಣವೇ ಇಲ್ಲದ ಮನೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಒಂದು ಪರೀಕ್ಷೆ ಮಾಡಿ. ಪ್ರಿಂಟರಿನ ಅಚ್ಚಬಿಳಿ ಹಾಳೆಯೊಂದನ್ನು ಟೈಲ್ಸ್ ಮೇಲಿಡಿ. ಇಷ್ಟು ದಿನ ‘ಬಿಳಿ’ ಅಂದುಕೊಂಡಿದ್ದ ನೆಲದಲ್ಲಿ ಹಳದಿಯೋ ಗುಲಾಬಿಯೋ ಹಸಿರೋ ತಟ್ಟನೆ ಕಣ್ಣಿಗೆ ಬೀಳುತ್ತದೆ. ಅದೇ ಹಾಳೆಯನ್ನು ಬಾಗಿಲ ಚೌಕಟ್ಟಿನ ಪಕ್ಕ, ಸೋಫಾ ಬಟ್ಟೆಯ ಪಕ್ಕ ಹಿಡಿದು ನೋಡಿ. ನೆಲ, ಬಾಗಿಲು, ಅಡುಗೆಮನೆಯ ಗ್ರಾನೈಟ್ ಇವನ್ನೆಲ್ಲ ನೀವು ಸದ್ಯಕ್ಕೆ ಬದಲಾಯಿಸುವವರಲ್ಲ. ಗೋಡೆಯ ಬಣ್ಣ ಅವುಗಳಿಗೆ ಹೊಂದಿಕೊಳ್ಳಬೇಕು, ಅದಕ್ಕೇ ಅದನ್ನು ಕೊನೆಗೆ ಆರಿಸಿ ಎನ್ನುವುದು.

ಬೂದು ಬೇಕೇ ಬೇಕು ಅಂದರೆ ಕಂದಿನ ಕಡೆ ವಾಲಿದ ಬೂದು ಇದೆ, ಒದ್ದೆ ಮರಳಿನ ಬಣ್ಣ. ಅದು ನಿಮ್ಮ ಟೈಲ್ಸ್ ಜೊತೆ ಹೊಂದುತ್ತದೆ. ಶೇಡ್ ಕಾರ್ಡಿನ ಚಿಕ್ಕ ಚೌಕ ನಂಬಿ ಮಾತ್ರ ಆರ್ಡರ್ ಕೊಡಬೇಡಿ. ನಾಲ್ಕು ಗೋಡೆಗೆ ಹೋದ ಮೇಲೆ ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು ಎಲ್ಲವೂ ಗಾಢವಾಗುತ್ತದೆ. ದಪ್ಪ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಹೊಡೆಸಿ, ಒಣಗಿದ ಮೇಲೆ ಗೋಡೆಯಿಂದ ಗೋಡೆಗೆ ಅಂಟಿಸುತ್ತಾ ಬೆಳಿಗ್ಗೆ, ಸಂಜೆ, ದೀಪ ಹಾಕಿದ ಮೇಲೆ ನೋಡಿ. ಪಶ್ಚಿಮದ ಕಿಟಕಿ ಇರುವುದರಿಂದ ಸಂಜೆ ಕೆನೆಬಣ್ಣ ಕಿತ್ತಳೆಗೆ ತಿರುಗುತ್ತದೆ, ಅದನ್ನು ನೋಡದೆ ತೀರ್ಮಾನ ಮಾಡಬೇಡಿ. ರಾತ್ರಿಯದ್ದು ಬಲ್ಬಿನ ಪ್ರಶ್ನೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ 6500 ಕೆಲ್ವಿನ್‌ನ (ಇದು ಬೆಳಕಿನ ಬಣ್ಣದ ಅಳತೆ) ಬೆಳ್ಳನೆ ಟ್ಯೂಬ್‌ಲೈಟ್ ಕೆಳಗೆ ಎಂಥ ಒಳ್ಳೆಯ ಮರಳುಬಣ್ಣವೂ ಪೇಲವವೇ. ಹಾಲ್‌ಗೆ 3000 ಕೆಲ್ವಿನ್‌ನ ವಾರ್ಮ್ ವೈಟ್ ಹಾಕಿಸಿ. ಮಕ್ಕಳು ಓದುವ ಮೇಜಿನ ಮೇಲೆ ಬೆಳ್ಳನೆಯದೇ ಇದ್ದರೂ ಅಡ್ಡಿಯಿಲ್ಲ.

ಕಲ್ಯಾಣ ಮಂಟಪದ ಭಯಕ್ಕೆ ಪರಿಹಾರ ಗೋಡೆಯಲ್ಲಿಲ್ಲ. ಅಲ್ಲಿ ಎಲ್ಲವೂ ನುಣುಪು, ಎಲ್ಲವೂ ಒಂದೇ ತಿಳಿಬಣ್ಣ. ನಿಮ್ಮಲ್ಲಿ ದಪ್ಪನೂಲಿನ ಖಾದಿ ಪರದೆ, ಬೆತ್ತದ ಕುರ್ಚಿ, ಒಂದೆರಡು ಕಪ್ಪು ಅಥವಾ ಕಡುಕಂದು ವಸ್ತು ಬಂದರೆ ಸಾಕು. ನೆಲಕ್ಕೆ ನವಲಗುಂದದ ಜಮಖಾನವೊಂದು ಬಂದರೆ ಇಡೀ ಕೋಣೆಗೆ ಬೇಕಾದ ಬಣ್ಣ ಅಲ್ಲೇ ಸಿಕ್ಕಿತು. ಸೋಫಾದ ಹಿಂದೆ ಐದಾರು ಸಣ್ಣ ಫ್ರೇಮ್ ಚೆಲ್ಲುವ ಬದಲು, ಸೋಫಾದ ಉದ್ದದ ಮೂರರಲ್ಲಿ ಎರಡು ಪಾಲು ಅಗಲದ ಒಂದೇ ಚಿತ್ರ ಹಾಕಿ. ಸೋಫಾದ ಒರಗುದಿಂಡಿಗೂ ಫ್ರೇಮಿನ ಕೆಳಂಚಿಗೂ 6ರಿಂದ 8 ಇಂಚು ಸಾಕು. ನಮ್ಮಲ್ಲಿ ಚಿತ್ರಗಳನ್ನು ದೇವರ ಫೋಟೊ ಹಾಕುವ ಎತ್ತರಕ್ಕೇ ಹಾಕಿಬಿಡುತ್ತಾರೆ, ಕತ್ತು ನೋಯುತ್ತದೆ. ಖಾಲಿ ಗೋಡೆಯಾದರೆ ಚಿತ್ರದ ನಡುಭಾಗ ನೆಲದಿಂದ 58 ಇಂಚಿನ ಆಸುಪಾಸಿನಲ್ಲಿರಲಿ. ಅದು ಜಲವರ್ಣವಾಗಿದ್ದರೆ ಪಡುವಣ ಬಿಸಿಲು ನೇರ ಬೀಳುವ ಗೋಡೆ ಬೇಡ, ಮಾಸುತ್ತದೆ.

ಒಂದೇ ಗೋಡೆಗೆ ಕಡುನೇರಳೆ ಹೊಡೆಸಿ ‘ಹೈಲೈಟ್’ ಮಾಡಿ ಅಂತ ಯಾರಾದರೂ ಸಲಹೆ ಕೊಟ್ಟರೆ, ಕಾಫಿ ಕೊಟ್ಟು ಕಳಿಸಿ.

ಪ್ರಶ್ನೆ: ನಮ್ಮದು ಸಾಗರ. ತವರಿನಿಂದ ಬಂದ ಹಸೆ ಚಿತ್ತಾರ, ಬೀದರಿನ ಹೂದಾನಿ, ಚನ್ನಪಟ್ಟಣದ ಗೊಂಬೆಗಳು, ಮಾವನವರಿಗೆ ಸನ್ಮಾನಗಳಲ್ಲಿ ಕೊಟ್ಟ ಫಲಕಗಳು ಎಲ್ಲ ಒಂದೇ ಶೋಕೇಸಿನಲ್ಲಿ ತುಂಬಿವೆ. ಯಾವುದೂ ಕಾಣಿಸುತ್ತಿಲ್ಲ. ಹೂದಾನಿಯನ್ನು ತಿಕ್ಕಿ ಹೊಳೆಯಿಸಬಹುದೇ?

ಉತ್ತರ: ಹೂದಾನಿಯನ್ನು ಮಾತ್ರ ತಿಕ್ಕಬೇಡಿ! ಬಿದರಿಯ ಚೆಲುವು ಇರುವುದೇ ಆ ಕಪ್ಪಿನಲ್ಲಿ. ಸತು ಮತ್ತು ತಾಮ್ರ ಬೆರೆತ ಲೋಹದಲ್ಲಿ ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ದ್ರಾವಣದಲ್ಲಿ ಹಾಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಹುಣಸೆಹಣ್ಣು, ಹಿತ್ತಾಳೆ ಪಾಲಿಶ್ ತಾಗಿಸಿದರೆ ಆ ಕಪ್ಪೇ ಮಾಸುತ್ತದೆ. ಮೆತ್ತನೆ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಅಷ್ಟೇ. ಆಮೇಲೆ ಅದನ್ನು ಕನ್ನಡಿ ಬಾಗಿಲಿನ ಹಿಂದಿನಿಂದ ಈಚೆ ತೆಗೆದು, ತಿಳಿ ಗೋಡೆಯ ಮುಂದೆ ಒಂಟಿಯಾಗಿ ಇಡಿ. ಬೆಳ್ಳಿಯ ಬಳ್ಳಿಗಳು ಆಗ ಕಾಣುತ್ತವೆ.

ಚಿತ್ತಾರದ್ದೂ ಹಾಗೇ. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು ಬಳಸಿ, ಪುಂಡಿ ನಾರಿನ ಕುಂಚದಿಂದ ಎಳೆದ ಗೆರೆಗಳವು. ಅಷ್ಟು ಸೂಕ್ಷ್ಮ ಗೆರೆಗಳ ಪಕ್ಕ ಹೂಬಳ್ಳಿ ವಾಲ್‌ಪೇಪರ್ ಇದ್ದರೆ ಎರಡೂ ಕೆಡುತ್ತವೆ. ಸುತ್ತ ಒಂದಡಿಯಾದರೂ ಗೋಡೆ ಖಾಲಿ ಬಿಡಿ, ಸಪೂರ ಮರದ ಫ್ರೇಮ್ ಸಾಕು, ಬಂಗಾರದ ಬಣ್ಣದ್ದು ಖಂಡಿತ ಬೇಡ. ಗೊಂಬೆಗಳನ್ನು ಮೂರೋ ಐದೋ ಗುಂಪಾಗಿ, ಎತ್ತರ ಹೆಚ್ಚುಕಡಿಮೆ ಮಾಡಿ ಇಡಿ. ಉಳಿದವನ್ನು ದಸರೆಗೆ ತೆಗೆಯಿರಿ.

ಫಲಕಗಳ ವಿಚಾರ ನಾಜೂಕು. ಮಾವನವರ ಕೋಣೆಯಲ್ಲೋ ಅವರು ಪೇಪರ್ ಓದುವ ಜಾಗದಲ್ಲೋ ಅವಕ್ಕೆಂದೇ ಒಂದು ಶೆಲ್ಫ್ ಮಾಡಿಸಿ, ಮೇಲೊಂದು ಚಿಕ್ಕ ದೀಪ ಹಾಕಿಸಿ. ಯಾವುದು ಮುಂದಿರಬೇಕು ಅಂತ ಅವರನ್ನೇ ಕೇಳಿ. ಶೋಕೇಸ್‌ನಿಂದ ತೆಗೆದದ್ದಕ್ಕೆ ಬೇಸರವಾಗಲಿಕ್ಕಿಲ್ಲ.

ಪ್ರಶ್ನೆ: ಉಡುಪಿಯ ಹಳೇ ಮನೆ, ಕೆಂಪು ಕಾವಿ ನೆಲ. ಪ್ರತಿ ಮಳೆಗಾಲ ಫ್ರೇಮುಗಳ ಹಿಂದೆ ಬೂಸ್ಟು ಬರುತ್ತದೆ. ಚಿತ್ರ ಹಾಕುವುದನ್ನೇ ಬಿಡಬೇಕಾ?

ಉತ್ತರ: ಬಿಡಬೇಡಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕಿನ ಚೂರು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುತ್ತದೆ. ಚಿತ್ರ ಗಾಜಿಗೆ ತಾಗದಂತೆ ನಡುವೆ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು, ಇರಲಿ. ಮಳೆಗೆ ನೇರ ಒಡ್ಡಿದ ಹೊರಗೋಡೆಯ ಒಳಮೈಗೆ ಕಾಗದದ ಚಿತ್ರ ಬೇಡ, ಅವನ್ನು ಒಳಗಿನ ಅಡ್ಡಗೋಡೆಗೆ ಸಾಗಿಸಿ. ಹೊರಗೋಡೆಗೆ ಹಿತ್ತಾಳೆ ಅಥವಾ ಮಣ್ಣಿನ ಫಲಕ ಹಾಕಬಹುದು. ಗೋಡೆಯೇ ಒದ್ದೆಯಾಗಿ ಉಬ್ಬಿದ್ದರೆ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಮೇಸ್ತ್ರಿಗೆ ತೋರಿಸಿ, ಬಣ್ಣ ಆಮೇಲೆ. ಗೋಡೆ ಸುಣ್ಣದ ಗಾರೆಯದಾಗಿದ್ದರೆ ಪ್ಲಾಸ್ಟಿಕ್ ಪೇಂಟ್ ಬೇಡ, ತೇವ ಒಳಗೇ ಉಳಿದುಬಿಡುತ್ತದೆ. ಸುಣ್ಣವನ್ನೇ ಬಳಿಸಿ. ಕಾವಿ ನೆಲಕ್ಕೆ ಸುಣ್ಣದ ಬಿಳಿಗಿಂತ ಚೆನ್ನಾಗಿ ಒಪ್ಪುವ ಬಣ್ಣ ಶೇಡ್ ಕಾರ್ಡಿನಲ್ಲಿ ಸಿಗುವುದಿಲ್ಲ.