ಓಘಮ್ ಕಣಿಯಲ್ಲಿ ಬರ್ಚ್ ಮರ ಬಂದರೆ ಏನರ್ಥ?

ಹೊಸ ಶುರು ಅಂತ ಅರ್ಥ. ಹಳೆಯದನ್ನು ಗುಡಿಸಿ ಹಾಕಿ ಮೊದಲ ಹೆಜ್ಜೆ ಇಡು ಅನ್ನೋ ಸೂಚನೆ.

ಓಘಮ್ ಐರ್ಲೆಂಡಿನ ಹಳೇ ಲಿಪಿ. ಅದರ ಅಕ್ಷರಗಳಲ್ಲಿ ಯಾವುದು ಬಂತು ಅಂತ ನೋಡಿ ಕಣಿ ಹೇಳುತ್ತಾರೆ. ಸುಮಾರು 4ರಿಂದ 6ನೇ ಶತಮಾನದ ಕಲ್ಲುಗಳ ಅಂಚಿನಲ್ಲಿ ಗೀರು ಕೊರೆದು ಬರೆದದ್ದು ಈಗಲೂ ಸಿಗುತ್ತದೆ. ಅದರ ಮೊದಲ ಅಕ್ಷರಕ್ಕೆ ಬರ್ಚ್ ಮರದ್ದೇ ಹೆಸರು. ನಡುಗೆರೆಯ ಒಂದು ಪಕ್ಕಕ್ಕೆ ಒಂದೇ ಒಂದು ಗೀರು, ಅಷ್ಟೇ. ನಮ್ಮ ಹಿಮಾಲಯದ ಭೂರ್ಜ ಮರವೂ ಇದೇ ಬಳಗದ್ದು.

ಮೊದಲ ಅಕ್ಷರ ಅನ್ನೋದಕ್ಕಿಂತ ಗಟ್ಟಿಯಾದ ಕಾರಣ ಮರದ ಸ್ವಭಾವದಲ್ಲೇ ಇದೆ. ಬರ್ಚ್ ಬೀಜ ತುಂಬಾ ಸಣ್ಣದು, ಹಗುರ. ಎರಡು ಪಕ್ಕಕ್ಕೂ ತೆಳುವಾದ ರೆಕ್ಕೆ ಇರುತ್ತದೆ, ಗಾಳಿಗೆ ಸಿಕ್ಕರೆ ಎಲ್ಲೆಲ್ಲೋ ಹಾರಿ ಬೀಳುತ್ತದೆ. ಕಾಡು ಸುಟ್ಟ ಜಾಗ, ಬರಿದಾದ ನೆಲ ಸಿಕ್ಕರೆ ಮೊದಲು ಹುಟ್ಟೋ ಮರಗಳಲ್ಲಿ ಇದೂ ಒಂದು. ಹಿಮಯುಗ ಮುಗಿದಾಗ ಉತ್ತರ ಯುರೋಪಿನಲ್ಲಿ ಮೊದಲು ಹಬ್ಬಿದ್ದೂ ಇಂಥ ಮರಗಳೇ. ಇದರ ಸಣ್ಣ ರೆಂಬೆಗಳಿಂದ ಪೊರಕೆಯನ್ನೂ ಕಟ್ಟುತ್ತಿದ್ದರು. ಹಾಗಾಗಿ ಗುಡಿಸಿ ಶುದ್ಧ ಮಾಡೋ ಅರ್ಥವೂ ಸಹಜವಾಗಿ ಹೊಂದಿಕೊಳ್ಳುತ್ತದೆ ಅಲ್ವಾ?

ಒಂದು ಮಾತು ಮಾತ್ರ ಹೇಳಲೇಬೇಕು. ಇವತ್ತು ಕಣಿ ಹೇಳುವವರು ಬಳಸೋ ಅರ್ಥಗಳು ಜಾಸ್ತಿ 20ನೇ ಶತಮಾನದಲ್ಲಿ ರೂಪುಗೊಂಡವು. ಮಧ್ಯಯುಗದ ಐರಿಷ್ ಹಸ್ತಪ್ರತಿಗಳ ಕಥೆ ಬೇರೆ. ಅವುಗಳ ಪ್ರಕಾರ ಓಘಮ್‌ನಲ್ಲಿ ಮೊಟ್ಟಮೊದಲು ಬರೆದದ್ದು ಬರ್ಚ್ ಮೇಲೆ, ಇದೇ ಅಕ್ಷರವನ್ನು ಏಳು ಸಲ. ಅದು ಲುಗ್ ಎಂಬ ವೀರನಿಗೆ ಕೊಟ್ಟ ಎಚ್ಚರಿಕೆ: ನಿನ್ನ ಹೆಂಡತಿಯನ್ನು ಹೊತ್ತೊಯ್ಯುತ್ತಾರೆ, ಬರ್ಚ್ ಕಾದರೆ ಮಾತ್ರ ಉಳಿಯುತ್ತಾಳೆ ಅಂತ. ಅಲ್ಲಿ ಬರ್ಚ್ ಕಾವಲಿನ ಮರ.